ಕೂತು ಉಣ್ಣುವ ಭಾಗ್ಯ

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ನಮ್ಮ ಹಿರಿಯರು ಸೋಮಾರಿಗಳನ್ನು ಎಚ್ಚರಿಸುವುದಕ್ಕಾಗಿ ಹೇಳಿದರು. ಆದರೆ ಅದೇ ಹಿರಿಯರು ಮಕ್ಕಳನ್ನು ಶಾಲೆಗೆ ಕಳುಹಿಸುವಾಗ, "ಚೆಂದಾಗಿ ಓದು, ಕುಂತು ಉಣ್ಣೋ ನೌಕರಿ ಹಿಡಿ" ಎಂದು ಹರಸುವುದನ್ನೂ ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ಗಾದೆಯಲ್ಲಿ ನಿಂದೆಯಾದ ಮಾತು ಮನೆಯ ಹೊಸ್ತಿಲಲ್ಲಿ ಆಶೀರ್ವಾದವಾಗುವುದು ಹೇಗೆ? ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಿಂದ ಈ ಕಾಲೇಜಿಗೆ ಬರುವ ನಮ್ಮಲ್ಲಿ ಬಹುಮಂದಿ, ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮುಖ ಕಾಣುತ್ತಿರುವವರು. ನಮ್ಮ ತಂದೆತಾಯಿಗಳು ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ದುಡಿದವರು. ಅವರ ಕಣ್ಣಿಗೆ ಕುರ್ಚಿಯೆಂದರೆ ಬಿಡುಗಡೆ. ಆ ಆಸೆಯನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ಆದರೆ ಆ ಆಸೆಯ ಒಂದು ಭಾಗವನ್ನು ನಾವು ತಿದ್ದಿಕೊಳ್ಳದೆ ಹೋದರೆ ಅದು ನಮ್ಮ ಮನೆಯ ಹಿರಿಯರ ಪ್ರಾಣಕ್ಕೇ ಕುತ್ತಾಗಬಹುದು. ರಕ್ತದೊತ್ತಡದ ಕಾಯಿಲೆಯುಳ್ಳವರನ್ನು ಪ್ರೀತಿಯ ಹೆಸರಿನಲ್ಲಿ ನಾವು ಕೂರಿಸಿಬಿಡುತ್ತಿದ್ದೇವೆ, ಇದು ನಿಲ್ಲಬೇಕು. ನಾನು ಹೇಳಬೇಕೆಂದಿರುವ ಮಾತು ಇಷ್ಟೇ.

ವೈದ್ಯಶಾಸ್ತ್ರವನ್ನು ನಾನು ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿನಿ. ಆದರೂ ಸಾಮಾನ್ಯರಿಗೆ ತಿಳಿದಿರಬೇಕಾದಷ್ಟನ್ನು ಮೊದಲು ಹೇಳುವುದು ಉಚಿತ. ಹೃದಯವು ರಕ್ತವನ್ನು ತಳ್ಳುವಾಗ ಆ ರಕ್ತವು ನಾಳಗಳ ಗೋಡೆಯನ್ನು ಒತ್ತುವ ಬಲವೇ ರಕ್ತದೊತ್ತಡ. ಅದು ಎಲ್ಲರಲ್ಲಿಯೂ ಇರುವುದು, ಇರಲೇಬೇಕು. ಇಂಗ್ಲೆಂಡಿನ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್ ಎಂಬಾತನು ಕುದುರೆಯ ನಾಳಕ್ಕೆ ಗಾಜಿನ ಕೊಳವೆ ಸೇರಿಸಿ, ರಕ್ತವು ಎಷ್ಟೆತ್ತರ ಏರುವುದೆಂದು ನೋಡಿ, ಆ ಪ್ರಯೋಗವನ್ನು 1733ರಲ್ಲಿ ಪ್ರಕಟಿಸಿದನು. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೋಚಿ 1896ರಲ್ಲಿ ರೂಪಿಸಿದನು. ಪಟ್ಟಿಯ ಕೆಳಗೆ ನಾಳದ ಸದ್ದನ್ನು ಆಲಿಸಿ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಗುರುತಿಸುವ ಕ್ರಮವನ್ನು ರಷ್ಯದ ವೈದ್ಯ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟನು. ಹೃದಯ ಸಂಕುಚಿಸಿದಾಗಿನ ಒತ್ತಡ ಮೇಲಿನ ಅಂಕಿ. ಸಡಿಲಾದಾಗಿನದು ಕೆಳಗಿನ ಅಂಕಿ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ, ದಾಟಿದರೆ ಅದನ್ನು ಅಧಿಕ ರಕ್ತದೊತ್ತಡವೆನ್ನುವರು. ನಮ್ಮ ಜನರ ಬಾಯಲ್ಲಿ ಅದು "ಬಿ.ಪಿ. ಬಂದದ" ಎಂದಾಗಿದೆ.

ಈ ಕಾಯಿಲೆಯ ಕೆಟ್ಟ ಗುಣವೆಂದರೆ ಅದರ ಮೌನ. ಜ್ವರ ಬಂದರೆ ಮೈ ಕಾಯುವುದು, ಚೇಳು ಕಡಿದರೆ ಕೂಗಿಕೊಳ್ಳುತ್ತೇವೆ. ಇದು ಮಾತ್ರ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಒಂದು ದಿನ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಮೂತ್ರಪಿಂಡದ ಸೋಲಾಗಿಯೋ ಹೊರಬೀಳುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ, 20 ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರದಿಯಲ್ಲಿ, ಜಗತ್ತಿನಲ್ಲಿ ಈ ಕಾಯಿಲೆಯುಳ್ಳ ಐವರಲ್ಲಿ ನಾಲ್ವರಿಗೆ ತಕ್ಕ ಚಿಕಿತ್ಸೆ ದೊರೆಯುತ್ತಿಲ್ಲವೆಂದು ಹೇಳಿತು. ಇದು ಶ್ರೀಮಂತರ ಕಾಯಿಲೆ, ಪಟ್ಟಣದವರ ಕಾಯಿಲೆ ಎಂದು ಹೇಳಿ ನಾವು ನೆಮ್ಮದಿಯಾಗಿರುವ ಕಾಲ ಮುಗಿದಿದೆ.

ಹಾಗಾದರೆ ನಮ್ಮ ಮನೆಗಳಲ್ಲಿ ಒಬ್ಬರಿಗೆ ಬಿ.ಪಿ. ಇದೆಯೆಂದು ಗೊತ್ತಾದ ದಿನ ಏನಾಗುತ್ತದೆ? ಬಂಧುಗಳು ಬರುತ್ತಾರೆ, ಚಹಾ ಆಗುತ್ತದೆ, ಒಬ್ಬೊಬ್ಬರೂ ಒಂದೊಂದು ಮಾತು ಹೇಳುತ್ತಾರೆ. "ಇನ್ನ ಮ್ಯಾಲ ಏನೂ ಮಾಡಬ್ಯಾಡ್ರಿ, ಸುಮ್ನ ಕುಂದರ್ರಿ" ಎಂಬುದು ಎಲ್ಲರ ಮಾತಿನ ಸಾರ. ಮುತ್ಯಾನನ್ನು ಕಟ್ಟೆಯ ಮೇಲೆ ಕೂರಿಸುತ್ತೇವೆ, ಅವ್ವನನ್ನು ಮಂಚದ ಮೇಲೆ ಕೂರಿಸುತ್ತೇವೆ. ಮೊಮ್ಮಗ ನೀರು ತಂದುಕೊಡುತ್ತಾನೆ, ಸೊಸೆ ತಾಟು ತಂದಿಡುತ್ತಾಳೆ. ಹಿರಿಯರು ಎದ್ದರೆ, "ಯಾಕ ಏಳ್ತೀರಿ, ನಾವಿಲ್ಲೇನು?" ಎಂದು ಗದರುತ್ತೇವೆ. ಇದು ನಮ್ಮ ನಾಡಿನ ಗೌರವದ ರೀತಿ. ಇದರಲ್ಲಿರುವ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರೀತಿಯಿಂದ ಕೊಟ್ಟಿತೆಂಬ ಮಾತ್ರಕ್ಕೆ ಎಲ್ಲವೂ ಔಷಧಿಯಾಗದು.

ನನ್ನ ತಾಯಿಯ ಸಂಗತಿಯನ್ನೇ ಹೇಳುತ್ತೇನೆ. ಆಕೆ ಇಪ್ಪತ್ತೈದು ವರ್ಷ ಪರರ ಹೊಲದಲ್ಲಿ ಕಳೆ ಕಿತ್ತವಳು, ಹತ್ತಿ ಬಿಡಿಸಿದವಳು. ನಮ್ಮ ಅಣ್ಣ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸದಲ್ಲಿ ನಿಂತು ತಿಂಗಳಿಗಿಷ್ಟೆಂದು ಕಳುಹಿಸತೊಡಗಿದ ಮೇಲೆ ಮನೆಗೆ ಸ್ವಲ್ಪ ಉಸಿರು ಬಂತು. ಅದೇ ಹೊತ್ತಿಗೆ ಊರಿಗೆ ಬಂದ ಆರೋಗ್ಯ ಕಾರ್ಯಕರ್ತೆ ತಾಯಿಯ ತೋಳಿಗೆ ಪಟ್ಟಿ ಕಟ್ಟಿ ನೋಡಿದಾಗ 162/98 ಇತ್ತು. ಆಸ್ಪತ್ರೆಯಲ್ಲಿ ಎರಡನೆಯ ಬಾರಿ ನೋಡಿದಾಗಲೂ ಇಳಿದಿರಲಿಲ್ಲ. ಗುಳಿಗೆ ಕೊಟ್ಟರು. ಬಂಧುಬಳಗದ ತೀರ್ಮಾನದಂತೆ ಆಕೆ ಕೂಲಿ ಬಿಟ್ಟು ಮನೆಯಲ್ಲಿ ಕುಳಿತಳು. ಬಾಳೆಲ್ಲ ದುಡಿದ ಜೀವ ಕುಳಿತದ್ದನ್ನು ಕಂಡು ಓಣಿಯವರು, "ಪುಣ್ಯವಂತಿ, ಮಗ ಕುಂದ್ರಿಸಿ ಉಣಸ್ಲಿಕತ್ಯಾನ" ಎಂದು ಹೊಗಳಿದರು. ವರ್ಷ ತುಂಬುವುದರೊಳಗೆ ಆಕೆಯ ತೂಕ ಏರಿತು, ಮೊಣಕಾಲು ಹಿಡಿಯಿತು, ಗುಳಿಗೆ ನುಂಗುತ್ತಿದ್ದರೂ ಮೇಲಿನ ಅಂಕಿ 150ರ ಕೆಳಗೆ ಬರಲೊಲ್ಲದು. ಆಗ ಆಸ್ಪತ್ರೆಯ ದಾದಿಯೊಬ್ಬರು ಗುಳಿಗೆಯ ಜೊತೆಗೆ ಒಂದೇ ಮಾತು ಹೇಳಿದರು: "ಯವ್ವಾ, ದಿನಾ ಅರ್ಧ ತಾಸು ನಡಿ." ಆ ಅರ್ಧ ತಾಸಿನ ಕಥೆಯನ್ನು ಮುಂದೆ ಹೇಳುವೆನು.

ನಡೆದರೆ ಒತ್ತಡ ಇಳಿಯುವುದೇಕೆ, ಕೂತರೆ ಏರುವುದೇಕೆ? ನಮ್ಮ ಕಾಲಿನ ಮೀನಖಂಡವು ನಡೆಯುವಾಗ ಹಿಂಡುತ್ತ ಸಡಿಲಾಗುತ್ತ, ಕೆಳಗಿಳಿದ ರಕ್ತವನ್ನು ಮೇಲೆ ಹೃದಯದ ಕಡೆಗೆ ತಳ್ಳುವುದು. ರಕ್ತದ ಹರಿವು ಚುರುಕಾದಾಗ ನಾಳಗಳ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುಗಡೆ ಮಾಡಿ ನಾಳಗಳನ್ನು ಸಡಿಲಿಸುವುದು. ನಡೆಯುತ್ತಿರುವಾಗ ಒತ್ತಡವು ತುಸು ಏರಿದರೂ, ನಿಂತ ಮೇಲೆ ಹಲವು ತಾಸುಗಳ ಕಾಲ ಮೊದಲಿಗಿಂತ ಕೆಳಗೆ ಇರುವುದು. ಇದಕ್ಕೆ ವಿರುದ್ಧವಾಗಿ ತಾಸುಗಟ್ಟಲೆ ಕುಳಿತಾಗ ಸೊಂಟದಲ್ಲಿ, ಮೊಣಕಾಲಿನಲ್ಲಿ ನಾಳಗಳು ಮಡಿಚಿಕೊಳ್ಳುತ್ತವೆ, ಹರಿವು ಮಂದವಾಗುತ್ತದೆ, ರಕ್ತ ಕಾಲಿನಲ್ಲಿ ನಿಲ್ಲುತ್ತದೆ, ನಾಳಗಳ ಸಡಿಲಾಗುವ ಶಕ್ತಿ ಕುಂದುತ್ತದೆ. ನಾರಾಯಣಪುರದ ಕಾಲುವೆಯ ನೀರು ಕಂಡ ನಮಗೆ ಇದು ಅರ್ಥವಾಗದ ಮಾತಲ್ಲ. ಹರಿಯುವ ಕಾಲುವೆ ತನ್ನ ದಾರಿಯನ್ನು ತಾನೇ ತೆರವಾಗಿಟ್ಟುಕೊಳ್ಳುವುದು. ನೀರು ನಿಂತಲ್ಲಿ ಹೂಳು ತುಂಬುವುದು.

ಕುಳಿತ ಕೆಲಸಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಜಗತ್ತಿಗೆ ಮೊದಲು ಸ್ಪಷ್ಟವಾಗಿ ತೋರಿಸಿದ್ದು ಒಂದು ಬಸ್ಸಿನ ಕಥೆ. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ 1953ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ತೆರನಾದ ಜನ. ಚಾಲಕನು ಕೆಲಸದ ವೇಳೆಯ ಬಹುಭಾಗ ಕುಳಿತಿರುವವನು. ನಿರ್ವಾಹಕನು ಟಿಕೆಟು ಕೊಡುತ್ತ ದಿನಕ್ಕೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವವನು. ಹೃದಯದ ಕಾಯಿಲೆ ನಿರ್ವಾಹಕರಲ್ಲಿ ಕಡಿಮೆಯಿತ್ತು. ಬಂದವರಲ್ಲಿಯೂ ಸಾವು ಕಡಿಮೆಯಿತ್ತು. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಇಬ್ಬರ ಸಮವಸ್ತ್ರಗಳ ಅಳತೆಯನ್ನು ತರಿಸಿ ನೋಡಿ, ಚಾಲಕರ ಸೊಂಟದ ಸುತ್ತಳತೆಯೇ ಮೊದಲಿನಿಂದ ದೊಡ್ಡದೆಂಬುದನ್ನೂ 1956ರಲ್ಲಿ ಪ್ರಾಮಾಣಿಕವಾಗಿ ಬರೆದರು. ಮುಂದೆ ಬೇರೆ ಬೇರೆ ಕಸುಬಿನವರಲ್ಲಿ ಪರೀಕ್ಷಿಸಿದಾಗಲೂ ಚಲನೆಯ ಪರವಾಗಿಯೇ ಸಾಕ್ಷ್ಯ ಒದಗಿತು. ಮಾರಿಸ್ ತಾವೂ ನಿತ್ಯ ವ್ಯಾಯಾಮ ಮಾಡುತ್ತ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ಇತ್ತೀಚಿನ ಪ್ರಯೋಗಗಳು ಇನ್ನೂ ಸೂಕ್ಷ್ಮವಾದುದನ್ನು ಹೇಳುತ್ತಿವೆ. ಆಸ್ಟ್ರೇಲಿಯದಲ್ಲಿ ಸಕ್ಕರೆ ಕಾಯಿಲೆಯುಳ್ಳ 24 ಮಂದಿಯನ್ನು ಒಂದು ದಿನ ಎಂಟು ತಾಸು ಸುಮ್ಮನೆ ಕೂರಿಸಿ, ಇನ್ನೊಂದು ದಿನ ಅರ್ಧ ತಾಸಿಗೊಮ್ಮೆ ಮೂರು ನಿಮಿಷ ನಿಧಾನವಾಗಿ ನಡೆಸಿ ಹೋಲಿಸಿದರು. ನಡೆದ ದಿನ ಮೇಲಿನ ಅಂಕಿ ಸರಾಸರಿ ಹತ್ತಕ್ಕೂ ಹೆಚ್ಚು ಕೆಳಗಿತ್ತೆಂದು 2016ರಲ್ಲಿ ವರದಿಯಾಯಿತು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದವರು 2023ರಲ್ಲಿ 11 ಮಂದಿಯ ಮೇಲೆ ಇಂಥದೇ ಪ್ರಯೋಗ ಮಾಡಿದಾಗ, ತಾಸಿಗೊಮ್ಮೆ ಒಂದೇ ನಿಮಿಷ ಎದ್ದು ನಡೆದರೂ ಮೇಲಿನ ಅಂಕಿ ನಾಲ್ಕೈದು ಇಳಿದುದು ಕಂಡುಬಂತು. ಇವು ಚಿಕ್ಕ ಪ್ರಯೋಗಗಳು. ಇವುಗಳಿಂದಲೇ ಎಲ್ಲವೂ ಸಿದ್ಧವಾಯಿತೆಂದು ಹೇಳಲಾಗದು. ಆದರೆ ಒಂದು ಮಾತು ಮಾತ್ರ ತೋರಿಬರುತ್ತದೆ. ಬೆಳಿಗ್ಗೆ ಅರ್ಧ ತಾಸು ನಡೆದು ಉಳಿದ ದಿನವೆಲ್ಲ ಕಲ್ಲಿನಂತೆ ಕುಳಿತರೆ ಸಾಲದು. ಕುಳಿತುಕೊಳ್ಳುವುದನ್ನು ನಡುನಡುವೆ ಮುರಿಯುವುದೂ ಒಂದು ಉಪಚಾರವೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಬಿರುಸಿನ ಚಟುವಟಿಕೆ ಬೇಕೆಂದು ಹೇಳುವುದರ ಜೊತೆಗೆ, ಕೂರುವ ಹೊತ್ತನ್ನು ಕಡಿಮೆ ಮಾಡಬೇಕೆಂದೂ ಹೇಳಿದೆ. ಈ ಸಲಹೆ ಅಧಿಕ ರಕ್ತದೊತ್ತಡ ಉಳ್ಳವರಿಗೂ ಅನ್ವಯಿಸುತ್ತದೆ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪ ಏಳುವುದು ಸಹಜ. "ಹಾಗಾದರೆ ದಿನವಿಡೀ ಹೊಲದಲ್ಲಿ ದುಡಿಯುವವರಿಗೂ ಬಿ.ಪಿ. ಬರುವುದೇಕೆ? ನಿನ್ನ ತಾಯಿಗೆ ಬಂದದ್ದು ಕೂಲಿ ಮಾಡುತ್ತಿದ್ದಾಗಲೇ ಅಲ್ಲವೇ?" ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರವನ್ನು ಹುಡುಕಿದವರು ಡೆನ್ಮಾರ್ಕಿನ ಹೋಲ್ಟರ್‌ಮನ್ ಎಂಬ ಸಂಶೋಧಕರು ಮತ್ತವರ ಸಂಗಡಿಗರು. ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ ಅವರು 2021ರಲ್ಲಿ ತಿಳಿಸಿದ ಸಂಗತಿಯಿದು: ಬಿಡುವಿನ ವೇಳೆಯಲ್ಲಿ ಮೈ ದಣಿಸಿದವರಲ್ಲಿ ಹೃದಯದ ಅಪಾಯ ಕಡಿಮೆ, ಹೊಟ್ಟೆಪಾಡಿನ ಕೆಲಸದಲ್ಲಿ ಬಹಳ ಮೈ ದಣಿಸಿದವರಲ್ಲಿ ಅದು ಹೆಚ್ಚು. ಮೇಲುನೋಟಕ್ಕೆ ಇದು ಒಗಟಿನಂತೆ ತೋರುವುದು. ಆದರೆ ಕಾರಣ ನಮ್ಮ ಕಣ್ಣೆದುರಿಗೇ ಇದೆ. ವ್ಯಾಯಾಮ ಮಾಡುವವನು ಸಾಕೆನಿಸಿದಾಗ ನಿಲ್ಲಬಹುದು, ಕೂಲಿಯವನು ನಿಲ್ಲುವಂತಿಲ್ಲ. ವ್ಯಾಯಾಮ ಅರ್ಧ ತಾಸಿನದು. ಕೂಲಿ ಎಂಟು ಹತ್ತು ತಾಸಿನದು. ದಿನವೆಲ್ಲ ಬಗ್ಗಿ ನಿಂತ ಬೆನ್ನಿಗೆ, ಏರಿದ ನಾಡಿಗೆ ಇಳಿಯಲು ಬಿಡುವಿಲ್ಲ. ಉಸಿರು ಬಿಗಿಹಿಡಿದು ಭಾರ ಎತ್ತಿದಾಗಲಂತೂ ಒತ್ತಡವು ಆ ಕ್ಷಣಕ್ಕೆ ಬಹಳ ಮೇಲೇರುವುದು.

ನಮ್ಮ ಮಾರುಕಟ್ಟೆಯ ಅಂಗಳದಲ್ಲಿ ತೊಗರಿಯ ಚೀಲ, ಹತ್ತಿಯ ಅಂಡಿಗೆ ಹೊರುವ ಹಮಾಲನಿಗೆ, "ನಿನಗ್ಯಾಕ ಬಿ.ಪಿ. ಬರ್ತದ, ದಿನಾ ಕಸರತ್ತು ಆಗ್ತದಲ್ಲ" ಎಂದು ಹೇಳುವುದು ಆದುದರಿಂದ ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು. ಅವನಿಗೆ ಬೇಕಾದುದು ಹಗುರವಾದ ಚೀಲ, ನೆರಳು, ಕುಡಿಯುವ ನೀರು, ನಡುವೆ ವಿಶ್ರಾಂತಿ ಮತ್ತು ವರ್ಷಕ್ಕೆರಡು ಸಲವಾದರೂ ತೋಳಿಗೆ ಪಟ್ಟಿ. ಶರಣರು ಕಾಯಕಕ್ಕೆ ಬೆಲೆ ಕೊಟ್ಟ ನಾಡಿದು. ಕಾಯಕದ ಹೆಸರಿನಲ್ಲಿ ಕಾಯವನ್ನೇ ಸವೆಸೆಂದು ಅವರು ಹೇಳಿದಂತಿಲ್ಲ. ಆದುದರಿಂದ ನನ್ನ ವಾದವು, ನಮ್ಮ ತಾಯಂದಿರು ಮತ್ತೆ ಪರರ ಹೊಲಕ್ಕೆ ಹೋಗಲಿ ಎಂಬುದಲ್ಲ. ಮುರಿಯುವ ದುಡಿಮೆಗೂ ಕೊಳೆಸುವ ಕೂರುವಿಕೆಗೂ ನಡುವೆ ಮೂರನೆಯದೊಂದು ದಾರಿಯಿದೆ. ಅದು ತನ್ನ ಇಚ್ಛೆಯಿಂದ, ತನ್ನ ಮೈಗಾಗಿ, ಹಗುರಾದ ಕೈಗಳಿಂದ ನಡೆಯುವುದು. ಕಷ್ಟವೆಂದರೆ, ನಮ್ಮ ಸೀಮೆಯಲ್ಲಿ ಈ ಮೂರನೆಯದು ಹೆಚ್ಚುಕಡಿಮೆ ಯಾರಿಗೂ ರೂಢಿಯಿಲ್ಲ.

ಮೊದಲು ಅದರ ಅಗತ್ಯವೂ ಕಾಣುತ್ತಿರಲಿಲ್ಲ. ಹೊಲಕ್ಕೆ ನಡೆದು ಹೋಗಬೇಕಾಗಿತ್ತು, ಬಾವಿಗೆ ನಡೆದು ಹೋಗಬೇಕಾಗಿತ್ತು, ಸಂತೆಗೆ ನಡೆದು ಹೋಗಬೇಕಾಗಿತ್ತು. ಇಂದು ಕೃಷ್ಣೆಯ ನೀರು ಕಾಲುವೆಯಲ್ಲಿ ಬಂದು ಶಹಾಪುರ, ಸುರಪುರಗಳ ಕಡೆ ಭತ್ತದ ಗದ್ದೆಗಳಾಗಿವೆ. ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರು, ಕಾಲಿನ ಜಾಗದಲ್ಲಿ ಮೋಟಾರ್ ಸೈಕಲ್ಲು ಬಂದಿವೆ. 2010ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಛೇರಿಗಳು ಹೆಚ್ಚಿದವು. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದವರಿಗೆ ನೌಕರಿಯ ಬಾಗಿಲೂ ಸ್ವಲ್ಪ ತೆರೆಯಿತು. ಇವೆಲ್ಲ ಒಳ್ಳೆಯದೇ. ಇವು ಬೇಡವೆನ್ನುವವನು ಹಸಿವನ್ನು ಕಂಡವನಲ್ಲ. ಆದರೆ ಬದುಕು ಹಗುರಾದಂತೆ ದಿನನಿತ್ಯದ ನಡಿಗೆ ನಮಗರಿವಿಲ್ಲದೆಯೇ ಕಳೆದುಹೋಯಿತು. ಅದು ಹೋದುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಹಿರಿಯರು ನಮ್ಮ ಊರೂರಲ್ಲಿದ್ದಾರೆ. ಅವರೇ ಊರಿಗೆ ಮರಳಿದ ಮೇಲೆ ಎದುರಿನ ಅಂಗಡಿಗೆ ಎಲೆಅಡಿಕೆ ತರಲು ಮೊಮ್ಮಗನ ಗಾಡಿ ಏರುತ್ತಾರೆ. ಮಲ್ಲಯ್ಯನಿಗಾಗಿ ನಡೆಯಬಲ್ಲ ಕಾಲು ತನಗಾಗಿ ನಡೆಯಲಾರದೇ? ಒಮ್ಮೆಲೇ ನೂರಾರು ಮೈಲಿ ನಡೆದು ವರ್ಷವೆಲ್ಲ ಕೂರುವುದಕ್ಕಿಂತ ದಿನಕ್ಕೊಂದು ಮೈಲಿ ನಡೆಯುವುದು ನಾಳಗಳಿಗೆ ಹೆಚ್ಚು ಹಿತ.

ಇನ್ನು ಹೆಂಗಸರ ಸಮಸ್ಯೆ ಬೇರೆಯೇ ಇದೆ. ನನ್ನ ತಾಯಿಗೆ ದಾದಿ ಹೇಳಿದ ಅರ್ಧ ತಾಸಿನ ಕಥೆಗೆ ಈಗ ಬರುತ್ತೇನೆ. ನಮ್ಮ ಊರುಗಳಲ್ಲಿ ಹೆಂಗಸು ನಡೆಯುವುದು ಹೊಸತೇನಲ್ಲ. ತಲೆಯ ಮೇಲೆ ಕೊಡವಿದ್ದರೆ ನಡೆಯಬಹುದು, ಬುತ್ತಿಯ ಗಂಟಿದ್ದರೆ ನಡೆಯಬಹುದು, ಕಟ್ಟಿಗೆಯ ಹೊರೆಯಿದ್ದರೆ ಎಷ್ಟು ದೂರ ಬೇಕಾದರೂ ನಡೆಯಬಹುದು. ಬರಿಗೈಯಲ್ಲಿ ನಡೆಯುವಂತಿಲ್ಲ. ತಾಯಿ ಮೊದಲ ದಿನ ಹೊರಟಾಗ ಓಣಿ ದಾಟುವುದರೊಳಗೆ ಮೂರು ಕಡೆ, "ಎಲ್ಲಿಗಿ ಹೊಂಟಿ ಬೇ?" ಎಂಬ ಪ್ರಶ್ನೆ ಎದುರಾಯಿತು. "ಎಲ್ಲಿಗಿಲ್ಲ, ಸುಮ್ನ" ಎಂದರೆ ನಂಬುವವರಿಲ್ಲ. "ಡಾಕ್ಟರ್ ಹೇಳ್ಯಾರ" ಎಂದರೆ ನಗುವವರುಂಟು. ನಾಲ್ಕು ದಿನ ನೋಡಿ ಆಕೆಯೇ ಒಂದು ಉಪಾಯ ಕಂಡುಕೊಂಡಳು. ಈಗ ದಿನವೂ ಮುಂಜಾನೆ ಕೈಯಲ್ಲಿ ಒಂದು ಖಾಲಿ ಚೀಲ ಹಿಡಿದು ಹೊರಡುತ್ತಾಳೆ. ಚೀಲವನ್ನು ಕಂಡವರು ಏನೋ ತರಲು ಹೊರಟಿದ್ದಾಳೆಂದುಕೊಂಡು ಸುಮ್ಮನಾಗುತ್ತಾರೆ. ಹನುಮಂತ ದೇವರ ಗುಡಿಯನ್ನು ದಾಟಿ, ಕಾಲುವೆಯ ಏರಿಯವರೆಗೆ ಹೋಗಿ, ಖಾಲಿ ಚೀಲವನ್ನೇ ಹಿಡಿದು ಮರಳುತ್ತಾಳೆ. ಗುಳಿಗೆಯನ್ನು ಒಂದು ದಿನವೂ ಬಿಟ್ಟಿಲ್ಲ, ಉಪ್ಪಿನಕಾಯಿಯನ್ನು ಬಿಟ್ಟಿದ್ದಾಳೆ. ನಾಲ್ಕು ತಿಂಗಳ ತರುವಾಯ ನೋಡಿದಾಗ ಅಂಕಿ 136/86 ಆಗಿತ್ತು. ಇದರಲ್ಲಿ ಗುಳಿಗೆಯ ಪಾಲೆಷ್ಟು, ಉಪ್ಪಿನ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಿಲ್ಲ. ಆದರೆ ನನ್ನನ್ನು ಕಾಡುವುದು ಆ ಖಾಲಿ ಚೀಲ. ತನ್ನ ಆರೋಗ್ಯಕ್ಕಾಗಿ ಅರ್ಧ ತಾಸು ನಡೆಯಲು ಒಬ್ಬ ತಾಯಿಗೆ ನೆಪವೊಂದು ಬೇಕಾಗುವ ಸಮಾಜದಲ್ಲಿ, ಬರೀ ಗುಳಿಗೆ ಹಂಚಿ ಈ ಕಾಯಿಲೆಯನ್ನು ಗೆಲ್ಲುವುದು ಹೇಗೆ?

ಆದರೆ ಉತ್ಸಾಹದಲ್ಲಿ ವಿವೇಕವನ್ನು ಮರೆಯಬಾರದು. ಪ್ರಥಮತಃ, ನಡಿಗೆಯು ಗುಳಿಗೆಗೆ ಬದಲಿಯಲ್ಲ. ಅಧಿಕ ರಕ್ತದೊತ್ತಡವುಳ್ಳವರಲ್ಲಿ ನಿಯಮಿತವಾದ ನಡಿಗೆಯಂತಹ ವ್ಯಾಯಾಮದಿಂದ ಮೇಲಿನ ಅಂಕಿ ಸುಮಾರು 5ರಿಂದ 8ರಷ್ಟು ಇಳಿಯಬಹುದೆಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. 170 ಇರುವವರಿಗೆ ಅಷ್ಟರಿಂದಲೇ ಸಾಕಾಗದು. "ಈಗ ಆರಾಮ ಅದ" ಎಂದು ತಾವಾಗಿಯೇ ಗುಳಿಗೆ ನಿಲ್ಲಿಸಿ ಹಾಸಿಗೆ ಹಿಡಿದವರು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಎರಡನೆಯದಾಗಿ, ಒತ್ತಡವು 180/110ನ್ನು ದಾಟಿದ್ದರೆ, ಎದೆನೋವು, ಏದುಸಿರು, ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ಕಂಡು, ಅವರು ಹೇಳಿದ ಮೇಲೆಯೇ ಹೊರಡಬೇಕು. ಮೂರನೆಯದಾಗಿ, ನಮ್ಮದು 40 ಡಿಗ್ರಿಯನ್ನು ಮೀರುವ ಬೇಸಿಗೆಯ ಸೀಮೆ. ಹೊತ್ತು ಏರುವ ಮುನ್ನ ಇಲ್ಲವೆ ಇಳಿದ ಮೇಲೆ ನಡೆಯಬೇಕಲ್ಲದೆ ನಡುಹಗಲಿನಲ್ಲಲ್ಲ. ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ಬಿಸಿಲಿನ ಬಗ್ಗೆ ಇನ್ನೂ ಎಚ್ಚರವಾಗಿರಬೇಕು. ನಾಲ್ಕನೆಯದು ಉಪ್ಪು. ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಚಹಾ ಚಮಚೆಗಿಂತ, ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುವ ನಮಗೆ ಊಟದಲ್ಲಿ ದೋಷ ಹೆಚ್ಚಿಲ್ಲ. ಹಪ್ಪಳ, ಉಪ್ಪಿನಕಾಯಿ, ಸಂಜೆಯ ಮಿರ್ಚಿಭಜಿಗಳಲ್ಲಿಯೇ ಅದು ಅಡಗಿರುವುದು.

ಮೊಣಕಾಲು ನೋವಿನಿಂದಲೋ ಮಳೆಯಿಂದಲೋ ಹೊರಗೆ ಹೋಗಲಾಗದವರ ಗತಿಯೇನು? ಮನೆಯೊಳಗೇ ಅಂಗಳದಿಂದ ಹಿತ್ತಲಿಗೆ ಆಗಾಗ ಓಡಾಡುವುದೂ ಲೆಕ್ಕಕ್ಕೆ ಬರುವುದು. ಮೊಣಕಾಲು ಗಟ್ಟಿಯಿರುವವರಿಗೆ ಇನ್ನೊಂದು ಉಪಾಯವಿದೆ; ಅದನ್ನು ಓದಿ ನನಗೆ ನಗು ಬಂತು. ಸುಮಾರು 270 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ವಿಶ್ರಾಂತಿಯ ವೇಳೆಯ ಒತ್ತಡವನ್ನು ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಅಲುಗಾಡದೆ ಸ್ನಾಯುವನ್ನು ಬಿಗಿಹಿಡಿಯುವ ವ್ಯಾಯಾಮ. ಅದರಲ್ಲಿ ಒಂದು, ಬೆನ್ನನ್ನು ಗೋಡೆಗೆ ಆನಿಸಿ, ಕುರ್ಚಿಯಿಲ್ಲದೆಯೇ ಕುರ್ಚಿಯ ಮೇಲೆ ಕುಳಿತಂತೆ ನಿಲ್ಲುವುದು. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಒಪ್ಪಿಸದವರಿಗೆ ಕೊಡುತ್ತಿದ್ದ "ಕುರ್ಚಿ ಶಿಕ್ಷೆ"ಯೇ ಅದು! ಎರಡು ನಿಮಿಷದಂತೆ ನಾಲ್ಕು ಸಲ, ನಡುವೆ ವಿಶ್ರಾಂತಿ, ವಾರಕ್ಕೆ ಮೂರು ದಿನ ಎಂಬುದು ಅದರ ಸಾಮಾನ್ಯ ಕ್ರಮ. ಉಸಿರನ್ನು ಬಿಗಿಹಿಡಿಯದೆ ಮಾಡಬೇಕು. ಒತ್ತಡ ಬಹಳವಿರುವವರು ವೈದ್ಯರನ್ನು ಕೇಳದೆ ಮಾಡಬಾರದು. ಒಟ್ಟಿನಲ್ಲಿ, ನಾವು ಹಂಬಲಿಸುವ ಕುರ್ಚಿಗಿಂತ ಆ ಇಲ್ಲದ ಕುರ್ಚಿಯೇ ನಾಳಗಳಿಗೆ ಹಿತವೆಂದಾಯಿತು.

ಇದುವರೆಗೆ ಹಿರಿಯರ ಮಾತಾಯಿತು. ನಮ್ಮದೇನು? ನಮ್ಮಲ್ಲಿ ಅನೇಕರು ಪದವಿ ಮುಗಿಯುವ ಮೊದಲೇ ಪೊಲೀಸ್, ಗುಮಾಸ್ತೆ, ಶಿಕ್ಷಕರ ಹುದ್ದೆಯ ಪರೀಕ್ಷೆಗಳಿಗೆ ಓದಲು ಕುಳಿತಿದ್ದೇವೆ. ಗ್ರಂಥಾಲಯದಲ್ಲಿ ಬೆಳಿಗ್ಗೆ ಕುಳಿತವರು ಸಂಜೆಗೇ ಏಳುವುದು. ಎಷ್ಟು ತಾಸು ಕುಳಿತೆವೆಂಬುದೇ ಓದಿನ ಅಳತೆ, ಅದೇ ಹೆಮ್ಮೆ. ಕೊಠಡಿಗೆ ಮರಳಿದ ಮೇಲೆ ಮೊಬೈಲು ಹಿಡಿದು ಮತ್ತೆ ಕುಳಿತೇ ಇರುತ್ತೇವೆ. ತಂದೆತಾಯಿಗೆ ಬಿ.ಪಿ. ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಇಪ್ಪತ್ತರಲ್ಲಿ ಕಟ್ಟಿಕೊಂಡ ರೂಢಿ ನಲವತ್ತರಲ್ಲಿ ಫಲ ಕೊಡುವುದು. ನಮ್ಮ ಮನೆತನದ ಮೊದಲ ಪದವೀಧರರಾದ ನಾವೇ ನಮ್ಮ ಮನೆತನದ ಮೊದಲ ಕುಳಿತ ತಲೆಮಾರು ಆಗಲಿದ್ದೇವೆಂಬುದನ್ನು ಮರೆಯಬಾರದು. ಕುರ್ಚಿ ಬೇಡವೆಂದು ನಾನು ಹೇಳಲಾರೆ. ನನಗೂ ಅದು ಬೇಕು, ನಮ್ಮ ಮನೆಗೆ ಅದು ಬೇಕೇ ಬೇಕು. ಕುರ್ಚಿಯಲ್ಲಿ ಅಂಟಿಕೊಂಡು ಕೂರದೆ ತಾಸಿಗೊಮ್ಮೆ ಏಳುವುದನ್ನು ಕಲಿಯೋಣವೆಂದಷ್ಟೇ ಹೇಳುತ್ತೇನೆ.

ಬರಿ ಉಪದೇಶದಿಂದ ಫಲವಿಲ್ಲವಾದುದರಿಂದ, ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವೃಂದದಲ್ಲಿಯೂ ಸಹಪಾಠಿಗಳಲ್ಲಿಯೂ ಕೆಲವು ವಿನಂತಿಗಳನ್ನು ಮುಂದಿಡುತ್ತೇನೆ. ಒಂದು: ಪ್ರವೇಶದ ಸಮಯದಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳನ್ನು ನೋಡುವಂತೆ ವರ್ಷಕ್ಕೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯ ರಕ್ತದೊತ್ತಡವನ್ನೂ ನೋಡಿಸಬೇಕು, ಸರಕಾರಿ ಆಸ್ಪತ್ರೆಯವರನ್ನು ಕೇಳಿಕೊಂಡರೆ ಇದು ಹೆಚ್ಚು ಖರ್ಚಿನ ಕೆಲಸವಲ್ಲ. ಎರಡು: ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ, ಆ ಹಳ್ಳಿಯ ಮೂವತ್ತು ದಾಟಿದವರ ಒತ್ತಡವನ್ನು ಅಳೆಯಿಸುವ ಕೆಲಸವನ್ನೂ ಸೇರಿಸಬೇಕು, ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕೂರಬೇಕೆಂಬಂಥ ನಿಯಮಗಳನ್ನು ನಾವೇ ಜನರಿಗೆ ತಿಳಿಸಬಹುದು. ಮೂರು: ಎರಡು ತರಗತಿಗಳ ನಡುವೆ ಐದು ನಿಮಿಷ ಎದ್ದು ಓಡಾಡುವುದನ್ನು ಗದ್ದಲವೆಂದೆಣಿಸದೆ ಪಾಠದ ಅಂಗವೆಂದೇ ಎಣಿಸಬೇಕು, ನಿಂತು ಓದಲು ಗ್ರಂಥಾಲಯದಲ್ಲಿ ಎತ್ತರದ ಒಂದೆರಡು ಮೇಜುಗಳಿರಲಿ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಕಾಲೇಜಿನ ಮೈದಾನವು ಬೆಳಿಗ್ಗೆ ಆರರಿಂದ ಎಂಟರವರೆಗೆ ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತದೆ. ಆ ಎರಡು ತಾಸು ಅದನ್ನು ಊರಿನ ಹೆಂಗಸರಿಗೂ ಹಿರಿಯರಿಗೂ ತೆರೆಯಬೇಕು. ಯಾದಗಿರಿಯ ಕೋಟೆಯ ಬೆಟ್ಟ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ, ಸುರಪುರದ ಟೇಲರ್ ಮಂಜಿಲ್‌ನ ಏರು, ಇವೆಲ್ಲ ಯುವಕರಿಗೆ ಚೆನ್ನ. ಐವತ್ತರ ತಾಯಿಯ ಮೊಣಕಾಲಿಗೆ ಬೇಕಾದುದು ಸಮನಾದ ನೆಲ. ಅಲ್ಲಿ ಹತ್ತು ಮಂದಿ ಹೆಂಗಸರು ಕೂಡಿ ನಡೆದರೆ ಹನ್ನೊಂದನೆಯವಳನ್ನು ಎಲ್ಲಿಗೆ ಹೊರಟೆಯೆಂದು ಯಾರೂ ಕೇಳಲಾರರು. ಅವರೊಡನೆ ನಡೆಯಲು, ಬೀಗದ ಕೈಯ ಹೊಣೆ ಹೊರಲು ವಿದ್ಯಾರ್ಥಿನಿಯರಾದ ನಾವು ಸಿದ್ಧರಿದ್ದೇವೆ. ನಮ್ಮ ತರಗತಿಯ ಆರು ಮಂದಿ ಇದಕ್ಕೆ ಈಗಾಗಲೇ ಒಪ್ಪಿಗೆ ಕೊಟ್ಟಿದ್ದಾರೆ.

ಸಹೋದರ ಸಹೋದರಿಯರೇ, ಈ ರಜೆಯಲ್ಲಿ ನೀವೆಲ್ಲ ನಿಮ್ಮ ನಿಮ್ಮ ಊರುಗಳಿಗೆ ಹೋಗುವಿರಿ. ಮನೆಯಲ್ಲಿ ಬಿ.ಪಿ. ಇರುವ ಹಿರಿಯರಿದ್ದರೆ ಅವರ ಗುಳಿಗೆ ತೀರಿದೆಯೇ ನೋಡಿರಿ, ಮುಂದಿನ ತಪಾಸಣೆ ಎಂದಿದೆಯೆಂದು ಕೇಳಿರಿ. ಅವರು ನೀರಿಗೆಂದು ಎದ್ದರೆ ತಡೆಯಬೇಡಿರಿ. ತಂಪುಹೊತ್ತಿನಲ್ಲಿ, "ನಡಿ ಯವ್ವಾ, ಗುಡಿ ತನಕ ಹೋಗಿ ಬರೋಣು" ಎಂದು ಕೈಹಿಡಿದು ಕರೆದುಕೊಂಡು ಹೋಗಿರಿ. ನಮ್ಮನ್ನು ಓದಿಸಲು ಅವರು ಸವೆಸಿದ ಕಾಲುಗಳವು. ನಮ್ಮ ಪದವಿಯ ಸುಖವನ್ನು ಕಾಣಲು ಅವು ಇನ್ನೂ ಬಹುಕಾಲ ನಡೆಯಬೇಕಾಗಿದೆ. ಮೈದಾನದ ವಿಷಯದಲ್ಲಿ ಹಿರಿಯರು ಮುಂದಿನ ವರ್ಷದ ಆರಂಭದಲ್ಲಿಯೇ ಒಂದು ತೀರ್ಮಾನ ಕೈಗೊಳ್ಳುವರೆಂದು ನಂಬಿ, ನನ್ನ ಮಾತನ್ನು ಮುಗಿಸುತ್ತೇನೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ